ಕೆಟ್ಟ ಬಂದರಿನ ಒಳ್ಳೆಯ ಮ್ಯೂಸಿಯಂ

ಗುರುವಾರ

ಶ್ರೀಲಂಕಾದ ದಕ್ಷಿಣದ ಬಂದರು ಊರು ಗಾಲೆಗೆ ಕೊಲಂಬೊ ಫೋರ್ಟ್ ಸ್ಟೇಷನ್ನಿನಲ್ಲಿ ರೈಲು ಹತ್ತುವವರು ಬಲಗಡೆ ಕಿಟಕಿ ಹಿಡಿಯಬೇಕು. ಊರು ಹಿಂದೆ ಸರಿಯುವ ಮೊದಲೇ ಹಳಿ ಸಮುದ್ರದ ಪಕ್ಕಕ್ಕೆ ಬಂದುಬಿಡುತ್ತದೆ. ಆಮೇಲೆ ಬಹಳ ದೂರ ಅದರ ಜೊತೆಗೇ ಓಡುತ್ತದೆ. ನಾವು ಹತ್ತುವಾಗ ಬಲಗಡೆಯೆಲ್ಲ ಭರ್ತಿ. ನನ್ನ ತಮ್ಮನಿಗೆ ಅದರ ಚಿಂತೆಯೇ ಇರಲಿಲ್ಲ. ಬ್ಯಾಗನ್ನು ನನ್ನ ತೊಡೆ ಮೇಲೆ ಹಾಕಿ, ಬಾಗಿಲಲ್ಲಿ ಕಾಲು ಇಳಿಬಿಟ್ಟು ಕೂತ. ಅಲ್ಲಿ ಎಲ್ಲರೂ ಹಾಗೇ ಕೂರುತ್ತಾರೆ, ಯಾರೂ ಏನೂ ಅನ್ನುವುದಿಲ್ಲ.

ಬುಟ್ಟಿ ಹೊತ್ತವರು ಒಬ್ಬರ ಹಿಂದೆ ಒಬ್ಬರು ಬರುತ್ತಿದ್ದರು. ಇಸ್ಸೊ ವಡೆ ಅಂದರೆ ವಡೆಯ ಮೇಲೆ ಸಿಪ್ಪೆ ಸಮೇತ ಕೂರಿಸಿದ ಸಿಗಡಿ. ನಮ್ಮ ಕುಂದಾಪುರದ ಕಡೆ ಚಟ್ಲಿ ಅನ್ನುತ್ತೇವಲ್ಲ, ಅದೇ. ಹಳೇ ನೋಟುಬುಕ್ಕಿನ ಹಾಳೆಯಲ್ಲಿ ಸುತ್ತಿಕೊಟ್ಟರು. ಕಾಗದದ ಮೇಲೆ ಯಾರೋ ಹುಡುಗ ಮಾಡಿದ ಭಾಗಾಕಾರ ಇತ್ತು, ಉತ್ತರ ತಪ್ಪಿತ್ತು.

ಅಂಬಲಂಗೊಡ ದಾಟಿ ಹಿಕ್ಕಡುವ ಬರುವ ಮೊದಲು ಪೆರಲಿಯ ಅನ್ನುವ ಊರು ಸಿಗುತ್ತದೆ. 2004ರ ಡಿಸೆಂಬರ್ 26ರ ಬೆಳಿಗ್ಗೆ ಇದೇ ಹಳಿಯ ಮೇಲೆ ಕೊಲಂಬೊದಿಂದ ಬಂದ ರೈಲು ನಿಂತಿತ್ತು. ಸುನಾಮಿಯ ಮೊದಲ ಅಲೆ ಬಂದಾಗ ಸುತ್ತಲಿನ ಜನ ರೈಲೇ ಗಟ್ಟಿ ಅಂದುಕೊಂಡು ಡಬ್ಬಿಗಳ ಒಳಗೂ ಮೇಲೂ ಹತ್ತಿದರು. ಎರಡನೆಯ ಅಲೆ ಡಬ್ಬಿಗಳನ್ನೇ ಎತ್ತಿ ಒಗೆಯಿತು. 1,700ಕ್ಕೂ ಹೆಚ್ಚು ಜನ ಸತ್ತರು. ರೈಲು ದುರಂತಗಳಲ್ಲಿ ಇದಕ್ಕಿಂತ ದೊಡ್ಡದು ಜಗತ್ತಿನಲ್ಲಿ ಆಗಿಲ್ಲ. ಈಗ ಅಲ್ಲಿ ಎತ್ತರದ ಬುದ್ಧನ ವಿಗ್ರಹ ಇದೆ. ಬಾಗಿಲಲ್ಲಿ ಕೂತಿದ್ದ ಇಬ್ಬರು ಸ್ಥಳೀಯ ಹುಡುಗರು ಮೊಬೈಲ್ ಕೆಳಗಿಟ್ಟು ಒಮ್ಮೆ ಅತ್ತ ನೋಡಿದರು. ಆಮೇಲೆ ಮತ್ತೆ ಮೊಬೈಲ್.

ಗಾಲೆ ಸ್ಟೇಷನ್ನಿಂದ ಕೋಟೆಗೆ ಆಟೋ ಬೇಕಿಲ್ಲ. ಬಸ್‌ಸ್ಟ್ಯಾಂಡ್ ದಾಟಿದರೆ ಕ್ರಿಕೆಟ್ ಮೈದಾನ, ಅದರ ಆಚೆ ಕಪ್ಪು ಗೋಡೆ. ತಮ್ಮ ಈ ಪ್ರವಾಸಕ್ಕೆ ಒಪ್ಪಿದ್ದೇ ಆ ಮೈದಾನಕ್ಕಾಗಿ. 2008ರಲ್ಲಿ ಸೆಹ್ವಾಗ್ ಇಲ್ಲಿ ಔಟಾಗದೆ 201 ಹೊಡೆದ. ಇಡೀ ತಂಡದ ಮೊತ್ತ 329. ಆವತ್ತು ಕ್ಯಾಪ್ಟನ್ ನಮ್ಮ ಕುಂಬ್ಳೆ. ಎರಡು ವರ್ಷದ ಮೇಲೆ ಇಲ್ಲೇ ಮುರಳೀಧರನ್ ಓಜಾನನ್ನು ಔಟ್ ಮಾಡಿ 800ನೇ ವಿಕೆಟ್ ತಗೊಂಡು ಆಟ ಮುಗಿಸಿದ್ದು. ಇದನ್ನೆಲ್ಲ ನಾನು ಕೇಳದೇ ಹೇಳಿದ. ಕೋಟೆ ಗೋಡೆ ಮೇಲೆ ಹತ್ತಿದರೆ ಇಡೀ ಪಿಚ್ ಕಾಣುತ್ತದೆ. ಟೆಸ್ಟ್ ನಡೆಯುವಾಗ ಟಿಕೆಟ್ ಇಲ್ಲದವರ ಸ್ಟ್ಯಾಂಡ್ ಅದೇ. ಸುನಾಮಿಯಲ್ಲಿ ಮೈದಾನ ಪೂರ್ತಿ ಹಾಳಾಗಿ, ಮತ್ತೆ ಟೆಸ್ಟ್ ಆಡಿದ್ದು 2007ರ ಡಿಸೆಂಬರ್‌ನಲ್ಲಿ.

ಮೈದಾನ ಮುಳುಗಿತು, ಬಸ್‌ಸ್ಟ್ಯಾಂಡ್ ಕೊಚ್ಚಿಹೋಯಿತು, ಆದರೆ ಕೋಟೆಯ ಒಳಗಿನ ಬೀದಿಗಳು ಬಹುಪಾಲು ಉಳಿದವು. ಗೋಡೆ ತಡೆಯಿತು. ನಾವು ಇಳಿದುಕೊಂಡ ಮನೆಯ ಯಜಮಾನರು ಅದನ್ನು ಹೇಳುವಾಗ ಗೋಡೆಗೆ ಕೈ ತೋರಿಸಲಿಲ್ಲ, ಕೈ ಮುಗಿದರು.

ಸಂಜೆ ಗೋಡೆಯ ಮೇಲೆ ಸುತ್ತು ಹಾಕಿದೆವು. ಪೋರ್ಚುಗೀಸರು 1588ರಲ್ಲಿ ಇಲ್ಲಿ ಕೋಟೆ ಶುರು ಮಾಡಿದಾಗ ನೆಲದ ಕಡೆಗೆ ಮಾತ್ರ ಗಟ್ಟಿ ಗೋಡೆ ಎಬ್ಬಿಸಿದ್ದರಂತೆ. ಸಮುದ್ರದ ಕಡೆ ಬಂಡೆಗಳೇ ಕಾವಲು. 1640ರಲ್ಲಿ ಡಚ್ಚರು ಅವರನ್ನು ಓಡಿಸಿ, ಸುತ್ತಲೂ ಗೋಡೆ ಮುಗಿಸಿ, ಕೊತ್ತಳಗಳಿಗೆ ಸೂರ್ಯ, ಚಂದ್ರ, ನಕ್ಷತ್ರ ಎಂದು ಹೆಸರಿಟ್ಟರು. 1796ರಲ್ಲಿ ಬ್ರಿಟಿಷರು ಬಂದರು. ಅವರ ದೀಪಸ್ತಂಭ 1934ರಲ್ಲಿ ಸುಟ್ಟುಹೋಗಿ, ಈಗಿನದು 1939ರಲ್ಲಿ ಎದ್ದದ್ದು. ಅದರ ಎದುರಿಗೆ ಚರ್ಚಿನ ಮುಖ ಹೊತ್ತ ಮಸೀದಿ ಇದೆ. ಫ್ಲ್ಯಾಗ್ ರಾಕ್ ಕೊತ್ತಳದಿಂದ ಹುಡುಗರು ದುಡ್ಡು ತಗೊಂಡು ಬಂಡೆಗಳ ನಡುವಿನ ನೀರಿಗೆ ಹಾರುತ್ತಾರೆ. ನನಗೆ ಅದು ನೋಡಲು ಆಗಲಿಲ್ಲ, ಮುಂದೆ ನಡೆದೆ. ತಮ್ಮ ನೋಡಿದ.

ಶುಕ್ರವಾರ

ಮ್ಯೂಸಿಯಂ ಇರುವುದು ಕೋಟೆಯ ಹಳೇ ಬಾಗಿಲಿನ ಪಕ್ಕದಲ್ಲಿ, ಡಚ್ಚರ ಗೋದಾಮಿನಲ್ಲಿ. ಪಕ್ಕದಲ್ಲಿ ಅನ್ನುವುದೂ ಸರಿಯಲ್ಲ. ಆ ಬಾಗಿಲೇ ಗೋದಾಮಿನ ಹೊಟ್ಟೆಯೊಳಗೆ ಹಾದುಹೋಗುತ್ತದೆ. ಬಂದರಿನ ಕಡೆಯಿಂದ ಬಂದರೆ ಮೇಲೆ ಬ್ರಿಟಿಷ್ ಲಾಂಛನ. ಒಳಗೆ ಹೋಗಿ ತಿರುಗಿ ನೋಡಿದರೆ ಎರಡು ಸಿಂಹ, ನಡುವೆ ಡಚ್ ಈಸ್ಟ್ ಇಂಡಿಯಾ ಕಂಪನಿಯ ವಿಓಸಿ ಅಕ್ಷರಗಳು, 1669 ಅನ್ನುವ ಇಸವಿ, ಎಲ್ಲದರ ಮೇಲೆ ಒಂದು ಹುಂಜ. ಬ್ರಿಟಿಷರು ಒಳಗಿನದನ್ನು ಕೆತ್ತಿ ಹಾಕುವ ಗೋಜಿಗೆ ಹೋಗಲಿಲ್ಲ.

ಗೋದಾಮು ಉದ್ದಕ್ಕೆ, ಬಹಳ ಉದ್ದಕ್ಕೆ ಇದೆ. ಒಂದು ತುದಿಯಲ್ಲಿ ನಿಂತರೆ ಇನ್ನೊಂದು ತುದಿಯ ಮನುಷ್ಯನ ಮುಖ ಕಾಣುವುದಿಲ್ಲ. ಗೋಡೆಯ ದಪ್ಪ ಕಿಟಕಿಯಲ್ಲಿ ಗೊತ್ತಾಗುತ್ತದೆ. ನಾನು ಕೈ ಚಾಚಿದರೂ ಹೊರಗಿನ ಕಂಬಿ ಮುಟ್ಟಲಾಗಲಿಲ್ಲ. ದಾಲ್ಚಿನ್ನಿ, ಮೆಣಸು, ಹಡಗಿನ ಸಾಮಾನು ಇಡಲು ಕಟ್ಟಿದ್ದು. ಈಗಲೂ ಮಸಾಲೆ ವಾಸನೆ ಬರುತ್ತದೆ ಅಂತ ಎಲ್ಲೋ ಓದಿದ್ದೆ. ಸುಳ್ಳು. ಸುಣ್ಣ ಮತ್ತು ಫಿನಾಯಿಲ್ ವಾಸನೆ ಬರುತ್ತದೆ.

ಇಲ್ಲಿ ಸಾಗರ ಮ್ಯೂಸಿಯಂ ಬಾಗಿಲು ತೆರೆದದ್ದು 1992ರಲ್ಲಿ. ನಾವು ಜಾಸ್ತಿ ಹೊತ್ತು ಕಳೆದದ್ದು ಸಮುದ್ರ ಪುರಾತತ್ವದ ಭಾಗದಲ್ಲಿ. ಸುನಾಮಿ ನುಗ್ಗಿ ಹಾಳಾದ ಮೇಲೆ ನೆದರ್‌ಲ್ಯಾಂಡ್ಸ್ ಸರ್ಕಾರದ ನೆರವಿನಿಂದ ದುರಸ್ತಿಯಾಗಿ 2010ರಲ್ಲಿ ಮತ್ತೆ ತೆರೆದದ್ದು. ಕೋಟೆ ಉಳಿಯಿತು ಅಂದೆನಲ್ಲ, ಈ ಕಟ್ಟಡ ಮಾತ್ರ ಪೆಟ್ಟು ತಿಂದಿತು. ಬಂದರಿನ ಕಡೆಗೆ ಬಾಗಿಲಿಟ್ಟು ಕಟ್ಟಿದ ಗೋದಾಮು ಇನ್ನೇನು ತಾನೇ ಮಾಡೀತು?

ಒಳಗೆ ಮೊದಲು ಸಿಗುವುದು ಎಲ್ಲ ಮ್ಯೂಸಿಯಂಗಳಲ್ಲೂ ಇರುವಂಥದ್ದು. ಹಡಗಿನ ಮಾದರಿಗಳು, ನಕಾಶೆಗಳು, ಗೊಂಬೆ ಮೀನುಗಾರರು, ಬಣ್ಣ ಮಾಸಿದ ಬೋರ್ಡು. ಪುರಸೊತ್ತಿಲ್ಲದವರು ಇವನ್ನು ಬಿಡಬಹುದು. ನಾನು ಒಂದು ದೋಣಿಯ ಮುಂದೆ ಮಾತ್ರ ನಿಂತೆ. ಇಲ್ಲಿಯವರು ಅದಕ್ಕೆ ಒರುವ ಅನ್ನುತ್ತಾರೆ. ಕೊರೆದ ಮರದ ತಳ, ಮೇಲೆ ಹಲಗೆ, ಪಕ್ಕಕ್ಕೆ ಎರಡು ಬಾಗಿದ ಕೋಲಿನ ತುದಿಯಲ್ಲಿ ತೇಲುವ ದಿಮ್ಮಿ. ಮೊಳೆಯೇ ಇಲ್ಲ, ಹಲಗೆಗೆ ತೂತು ಕೊರೆದು ತೆಂಗಿನ ನಾರಿನ ಹಗ್ಗದಿಂದ ಹೊಲಿದಿದ್ದಾರೆ. ಬಂಡೆಗೆ ತಾಗಿದಾಗ ಮೊಳೆ ಹೊಡೆದ ಹಲಗೆ ಸೀಳುತ್ತದೆ, ಹೊಲಿದದ್ದು ಬಾಗಿ ತಡೆದುಕೊಳ್ಳುತ್ತದೆ. ಗೋಕರ್ಣದ ಕಡೆ ಪಕ್ಕಕ್ಕೆ ದಿಮ್ಮಿ ಕಟ್ಟಿದ ಪಾತಿ ದೋಣಿ ನೋಡಿದವರಿಗೆ ಇದು ಹೊಸತೇನಲ್ಲ.

ಆಮೇಲೆ ಅವೊಂಡ್‌ಸ್ಟರ್. ನಾನು ಬಂದದ್ದೇ ಇದಕ್ಕಾಗಿ.

ಇದು ಹುಟ್ಟಿನಿಂದ ಇಂಗ್ಲಿಷ್ ಹಡಗು. ಹೆಸರು ಜಾನ್ ಅಂಡ್ ಥಾಮಸ್. ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿ ಕೊಂಡುಕೊಂಡ ಮೇಲೆ ಬ್ಲೆಸಿಂಗ್ ಆಯಿತು. 1653ರಲ್ಲಿ ಎರಡು ದೇಶಗಳಿಗೂ ಯುದ್ಧ ನಡೆಯುತ್ತಿದ್ದಾಗ ಪರ್ಷಿಯಾದ ಕಡೆ ಡಚ್ಚರು ಅದನ್ನು ಹಿಡಿದು, ಹೆಸರು ಬದಲಾಯಿಸಿ, ತಮ್ಮ ಕೆಲಸಕ್ಕೆ ಹಚ್ಚಿದರು. ಹಳೆಯದಾದ ಮೇಲೆ ಯುರೋಪಿನ ದೂರ ಪ್ರಯಾಣ ತಪ್ಪಿಸಿ ಇಲ್ಲಿಯೇ ಏಷ್ಯಾದ ಬಂದರುಗಳ ನಡುವೆ ಓಡಿಸಿದರು. 1659ರ ಜುಲೈ 2ರ ರಾತ್ರಿ ಗಾಲೆ ಕೊಲ್ಲಿಯಲ್ಲಿ ಲಂಗರು ಜಾರಿತು. ಹಡಗು ಹಿಂದಕ್ಕೆ ಸರಿದು ದಡದ ಹತ್ತಿರ ನೆಲ ಕಚ್ಚಿ ಒಡೆಯಿತು. ಬಿರುಗಾಳಿ ಇಲ್ಲ, ಯುದ್ಧ ಇಲ್ಲ, ಕಡಲ್ಗಳ್ಳರಿಲ್ಲ. ಊರಿನ ಮುಂದೆಯೇ, ದಡದಿಂದ ನೂರು ಮೀಟರ್ ಒಳಗೆ, ನಾಲ್ಕೈದು ಮೀಟರ್ ನೀರಿನಲ್ಲಿ ಮುಳುಗಿತು.

ಇದೊಂದೇ ಅಲ್ಲ. ಎರಡು ವರ್ಷದ ಮೇಲೆ, 1661ರಲ್ಲಿ, ಹರ್ಕ್ಯುಲಿಸ್ ಅನ್ನುವ ಹಡಗು ಇದೇ ಬಂದರಿನಿಂದ ಹೊರಡುವಾಗ ಬಂಡೆಗೆ ಹೊಡೆಯಿತು. ಗಾಲೆಯ ಕೊಲ್ಲಿ ದಕ್ಷಿಣಕ್ಕೆ ಬಾಯಿ ತೆರೆದಿದೆ. ನೈಋತ್ಯ ಮಳೆಗಾಳಿ ಬೀಸುವ ತಿಂಗಳುಗಳಲ್ಲಿ ಅಲೆ ಸೀದಾ ಒಳಗೆ ಬರುತ್ತದೆ. ಬಾಯಲ್ಲಿ ನೀರಿನಡಿಯ ಬಂಡೆಗಳು. ದಾರಿ ತೋರಿಸುವವನಿಲ್ಲದೆ ಒಳಗೆ ಬರುವ ಹಾಗಿಲ್ಲ, ಗಾಳಿ ಒಪ್ಪದೆ ಹೊರಗೆ ಹೋಗುವ ಹಾಗಿಲ್ಲ. ಏಷ್ಯಾದಲ್ಲಿ ಡಚ್ಚರ ದೊಡ್ಡ ಬಂದರುಗಳಲ್ಲಿ ಇದೊಂದು, ಆದರೂ ಕೆಟ್ಟ ಬಂದರು. ಇದು ಒಳ್ಳೆಯ ಬಂದರಾಗಿದ್ದರೆ ಈ ಮ್ಯೂಸಿಯಂನಲ್ಲಿ ಇಡಲು ಏನೂ ಇರುತ್ತಿರಲಿಲ್ಲ. ಗಾಜಿನ ಪೆಟ್ಟಿಗೆಗಳ ಮುಂದೆ ನಡೆಯುವಾಗ ನನಗೆ ಮತ್ತೆ ಮತ್ತೆ ಅನಿಸಿದ್ದು ಇದೇ.

ಒಂದು ಪೆಟ್ಟಿಗೆಯಲ್ಲಿ ಗಡ್ಡದವನ ಹೂಜಿ. ಜರ್ಮನಿಯ ರೈನ್ ನದಿಯ ಕಡೆ ಮಾಡುತ್ತಿದ್ದ ಕಲ್ಲುಮಣ್ಣಿನ ಪಾತ್ರೆ ಇದು. ಆಗಿನ ಹಡಗುಗಳಲ್ಲಿ ಎಣ್ಣೆ, ಮದ್ಯ, ಪಾದರಸ ಎಲ್ಲದಕ್ಕೂ ಇದೇ. ಕತ್ತಿನ ಮೇಲೆ ಗಡ್ಡದ ಮುಖ ಒತ್ತಿರುತ್ತದೆ. ಆವಿಗೆ ಕೆಂಪಗೆ ಕಾದಾಗ ಒಳಗೆ ಉಪ್ಪು ಎರಚುತ್ತಿದ್ದರು. ಉಪ್ಪು ಆವಿಯಾಗಿ ಮಣ್ಣಿಗೆ ಕೂತು ಗಾಜಿನ ಪದರ ಆಗುತ್ತದೆ. ಮೇಲ್ಮೈ ಕಿತ್ತಳೆ ಸಿಪ್ಪೆಯಂತೆ ಸಣ್ಣ ಸಣ್ಣ ಗುಳಿ ಬೀಳುತ್ತದೆ. ಹತ್ತಿರದಿಂದ ನೋಡಿದರೆ ಗುಳಿಗಳು ಸ್ಪಷ್ಟ. ಮುಖದ ಒಂದು ಕಣ್ಣು ದೊಡ್ಡದು, ಒಂದು ಚಿಕ್ಕದು. ಅಚ್ಚು ಒತ್ತಿದ ಕುಂಬಾರ ಆವತ್ತು ಅವಸರದಲ್ಲಿದ್ದಿರಬೇಕು.

ಇನ್ನೊಂದು ಪೆಟ್ಟಿಗೆಯಲ್ಲಿ ನಾವಿಕರ ಶೂ. ಚರ್ಮ ಕಪ್ಪಾಗಿದೆ, ತುದಿ ಮೇಲಕ್ಕೆ ಸುರುಟಿದೆ. ಅಂಚಿನ ಉದ್ದಕ್ಕೂ ಹೊಲಿಗೆಯ ತೂತುಗಳ ಸಾಲು, ದಾರ ಇಲ್ಲ. ಕೆಸರಿನಲ್ಲಿ ಹೂತಾಗ ಗಾಳಿ ಸಿಗದೆ ಚರ್ಮ ಉಳಿಯುತ್ತದೆ, ನಾರಿನ ದಾರ ಮಾತ್ರ ಕರಗಿಹೋಗುತ್ತದೆ. ಹಾಗಾಗಿ ಹಳೇ ಶೂಗಳು ಬಿಡಿ ಬಿಡಿ ತುಂಡಾಗಿ ಮೇಲೆ ಬರುತ್ತವೆ. ತಮ್ಮ ಬಗ್ಗಿ ನೋಡಿ, ‘ಇದು ಎಡಗಾಲಿನದೋ ಬಲಗಾಲಿನದೋ?’ ಅಂದ. ಒಳ್ಳೆಯ ಪ್ರಶ್ನೆ. ಆ ಕಾಲದಲ್ಲಿ ಎಡ ಬಲ ಅನ್ನುವ ಭೇದವೇ ಇರಲಿಲ್ಲ. ಎರಡೂ ನೇರ ಅಚ್ಚಿನ ಮೇಲೆ ಹೊಲಿದವು. ಹಾಕಿಕೊಂಡು ನಡೆದು ನಡೆದು ಕಾಲೇ ಅದನ್ನು ತಿದ್ದಿಕೊಳ್ಳಬೇಕು.

ಹಡಗು ಮುಳುಗಿದ ಕೂಡಲೇ ಮರಳಿನಲ್ಲಿ ಹೂತದ್ದು ಬಚಾವ್. ಮೇಲೆ ಉಳಿದ ಮರವನ್ನು ಹಡಗು ಹುಳು ತಿಂದು ಜಾಲರಿ ಮಾಡುತ್ತದೆ. 1990ರ ದಶಕದಲ್ಲಿ ಮುಳುಗುಗಾರರು ಕೊಲ್ಲಿಯ ಸರ್ವೆ ಮಾಡುವಾಗ ಅವೊಂಡ್‌ಸ್ಟರ್ ಸಿಕ್ಕಿತು. 2001ರಿಂದ 2004ರ ತನಕ ಶ್ರೀಲಂಕಾ ಮತ್ತು ಡಚ್ ಪುರಾತತ್ವದವರು ಸೇರಿ ಅಗೆದರು. ಅಡಿಗೆಮನೆಯ ಇಟ್ಟಿಗೆ ಒಲೆ ಸಹ ಸಿಕ್ಕಿತು. ಮರದ ಹಡಗಿನಲ್ಲಿ ಬೆಂಕಿ ಇಡಲು ಇಟ್ಟಿಗೆಯ ಕಟ್ಟೆ ಬೇಕೇ ಬೇಕು ಅಲ್ವಾ?

ಸಿಕ್ಕಿದ್ದನ್ನು ಮೇಲೆ ತಂದರೆ ಕೆಲಸ ಮುಗಿಯುವುದಿಲ್ಲ, ಶುರುವಾಗುತ್ತದೆ. ನೂರಾರು ವರ್ಷ ನೀರು ಕುಡಿದ ಮರವನ್ನು ಸುಮ್ನೆ ಬಿಸಿಲಿಗಿಟ್ಟರೆ ಕೆಲವೇ ದಿನದಲ್ಲಿ ಸುಕ್ಕಿ ಸೀಳುತ್ತದೆ. ಸಿಹಿನೀರಿನ ತೊಟ್ಟಿಯಲ್ಲಿ ನೆನೆಸಿ ಉಪ್ಪು ತೆಗೆಯಬೇಕು. ಆಮೇಲೆ ಪಾಲಿಎಥಿಲೀನ್ ಗ್ಲೈಕಾಲ್ ಅನ್ನುವ ಮೇಣದಂಥ ವಸ್ತುವನ್ನು ನಿಧಾನಕ್ಕೆ ಮರದೊಳಗೆ ಸೇರಿಸಬೇಕು. ನೀರಿದ್ದ ಜಾಗವನ್ನು ಅದು ತುಂಬುತ್ತದೆ. ದೊಡ್ಡ ತುಂಡುಗಳಿಗೆ ವರ್ಷಗಟ್ಟಲೆ ಬೇಕು. ಕಬ್ಬಿಣದ ಫಿರಂಗಿ, ಗುಂಡುಗಳಿಗೆ ಕ್ಷಾರದ ದ್ರವದಲ್ಲಿ ಮುಳುಗಿಸಿ ವಿದ್ಯುತ್ ಹಾಯಿಸಿ ಉಪ್ಪು ಹೊರಗೆಳೆಯಬೇಕು.

ಈ ತೊಟ್ಟಿಗಳೆಲ್ಲ ಇದ್ದ ಪ್ರಯೋಗಾಲಯ ಬಂದರಿನ ದಡದಲ್ಲೇ ಇತ್ತು, ಕೋಟೆಯ ಗೋಡೆಯ ಹೊರಗೆ. 2004ರ ಡಿಸೆಂಬರ್ 26ರಂದು ಅದು ಹೋಯಿತು. ಮುಳುಗುವ ಸಲಕರಣೆ, ದಾಖಲೆ, ತೊಟ್ಟಿಯಲ್ಲಿ ನೆನೆಯುತ್ತಿದ್ದ ಎಷ್ಟೋ ವಸ್ತುಗಳು ಎಲ್ಲವನ್ನೂ ನೀರು ಎಳೆದುಕೊಂಡಿತು. ಕೆಲವನ್ನು ಆಮೇಲೆ ಅವಶೇಷದ ನಡುವೆ ಹುಡುಕಿ ತಂದರು. ಉಳಿದವು ಅದೇ ಕೊಲ್ಲಿಗೆ ವಾಪಸ್. 345 ವರ್ಷದ ಮೇಲೆ ಹೊರಗೆ ಬಂದ ಸಾಮಾನನ್ನು ಸಮುದ್ರ ಎರಡನೇ ಸಲ ತಗೊಂಡಿತು.

ಇದನ್ನು ಮ್ಯೂಸಿಯಂ ಇನ್ನೂ ಜೋರಾಗಿ ಹೇಳಬೇಕು ಅಂತ ನನ್ನ ತಕರಾರು. ಬೋರ್ಡುಗಳಲ್ಲಿ ಅವೊಂಡ್‌ಸ್ಟರ್ ಮುಳುಗಿದ ಕಥೆ ಚೆನ್ನಾಗಿ ಬರೆದಿದ್ದಾರೆ. ಎರಡನೇ ಸಲ ಕಳೆದುಕೊಂಡದ್ದು ಮಾತ್ರ ಎಲ್ಲೋ ಮೂಲೆಗೆ ಬಿದ್ದಂತೆ ಕಂಡಿತು. ನನ್ನ ಕೈಯಲ್ಲಿದ್ದರೆ ಒಂದು ಗಾಜಿನ ಪೆಟ್ಟಿಗೆ ಖಾಲಿ ಇಟ್ಟು ಕಳೆದುಹೋದವುಗಳ ಪಟ್ಟಿ ಹಾಕುತ್ತಿದ್ದೆ.

ಇನ್ನೊಂದು ವಿಷಯ ಅಲ್ಲಿ ನನಗೆ ಕಾಣಲಿಲ್ಲ, ನಮ್ಮವರು ತಿಳಿದಿರಬೇಕಾದ್ದು. ಗಾಲೆ, ಕೊಲಂಬೊಗಳಲ್ಲಿದ್ದ ಡಚ್ ಸೈನಿಕರು, ಗುಲಾಮರು, ಕೂಲಿಗಳು ತಿನ್ನುತ್ತಿದ್ದ ಅಕ್ಕಿ ಎಲ್ಲಿಂದ ಬರುತ್ತಿತ್ತು? ದ್ವೀಪದ ಅಕ್ಕಿ ಸಾಲುತ್ತಿರಲಿಲ್ಲ. 17ನೇ ಶತಮಾನದಲ್ಲಿ ಅದರ ಒಂದು ಪಾಲು ನಮ್ಮ ಕೆನರಾ ಕರಾವಳಿಯಿಂದ ಹೋಗುತ್ತಿತ್ತು. ಕೆಳದಿ ನಾಯಕರ ಜೊತೆ ಒಪ್ಪಂದ ಮಾಡಿಕೊಂಡು ಡಚ್ಚರು ಬಸರೂರಿನಲ್ಲಿ ವ್ಯಾಪಾರದ ಕೋಠಿ ಇಟ್ಟಿದ್ದರು. ಕುಂದಾಪುರದಿಂದ ಬಸರೂರಿಗೆ ಈಗ ಬಸ್ಸಿನಲ್ಲಿ ಹೋದರೆ ದೇವಸ್ಥಾನ, ತೆಂಗಿನ ತೋಟ, ಹೊಳೆ ಕಾಣುತ್ತದೆ. ಬಂದರಿನ ಗುರುತು ಹುಡುಕಬೇಕು. ಹೊಳೆದಂಡೆಯಲ್ಲಿ ತುಂಬಿದ ಅಕ್ಕಿಮುಡಿ ಇಂಥ ಗೋದಾಮಿನ ಯಾವುದೋ ಮೂಲೆಯಲ್ಲಿ ಇಳಿದಿರಬಹುದು ಅನ್ನುವುದು ನನ್ನ ಊಹೆ, ಅಷ್ಟೇ. ಆದರೆ ಈ ಕೋಟೆಗೆ ಊಟ ಹಾಕಿದವರಲ್ಲಿ ನಮ್ಮ ಗದ್ದೆಯವರೂ ಇದ್ದರು.

ತಿಮಿಂಗಿಲದ ಅಸ್ಥಿಪಂಜರ ಇರುವ ಇನ್ನೊಂದು ಭಾಗಕ್ಕೆ ಹೋಗುವಷ್ಟರಲ್ಲಿ ಹಸಿವು. ಬೇಗ ಬೇಗ ನೋಡಿ ಹೊರಬಿದ್ದೆವು. ಶುಕ್ರವಾರ ಮಧ್ಯಾಹ್ನ ನಮಾಜಿನ ಹೊತ್ತು. ಅಂಗಡಿಗಳ ಅರ್ಧ ಬಾಗಿಲು ಹಾಕಿತ್ತು. ಕೊನೆಗೆ ಒಂದು ಮನೆಯಂಥ ಹೋಟೆಲಿನಲ್ಲಿ ಅನ್ನ, ಪರಿಪ್ಪು, ಹಲಸಿನ ಎಳೇ ಕಾಯಿಯ ಪಲ್ಯ, ಪೊಲ್ ಸಂಬೋಲ ಅನ್ನುವ ತೆಂಗಿನಕಾಯಿ ಚಟ್ನಿ. ಪರಿಪ್ಪು ಅಂದರೆ ತೆಂಗಿನ ಹಾಲು ಹಾಕಿದ ಮಸೂರ್ ಬೇಳೆ. ಮೊಸರು ಮಣ್ಣಿನ ಕುಡಿಕೆಯಲ್ಲಿ ಬಂತು, ಮೇಲೆ ಬೈನೆ ಮರದ ಬೆಲ್ಲದ ಪಾಕ. ಎರಡನೇ ಕುಡಿಕೆಯನ್ನೂ ತರಿಸಿದೆವು.

ಸಂಜೆ ಡಚ್ ಚರ್ಚ್ ನೋಡಿದೆವು. 1755ರದ್ದು, ನೆಲದ ತುಂಬ ಸಮಾಧಿ ಕಲ್ಲುಗಳು. ಚರ್ಚಿಗಿಂತ ನನಗೆ ಇಷ್ಟವಾದದ್ದು ಲೇಯ್ನ್ ಬಾನ್ ಬೀದಿ. ಹಡಗಿನ ಹಗ್ಗ ಹೊಸೆಯುತ್ತಿದ್ದ ಬೀದಿ ಅದು. ಹಗ್ಗದ ಎಳೆಗಳನ್ನು ಉದ್ದಕ್ಕೆ ಎಳೆದು ಹೊಸೆಯಬೇಕಾದ್ದರಿಂದ ನೇರ, ಉದ್ದ ಜಾಗ ಬೇಕು. ಈಗ ಬರೀ ಆಭರಣದ ಅಂಗಡಿ, ಕಾಫಿ ಅಂಗಡಿ.

ಶನಿವಾರ

ಬೆಳಿಗ್ಗೆ ಬಿಸಿಲೇರುವ ಮೊದಲು ಬಂದರಿನ ಕಡೆ ನಡೆದೆವು. ಮೀನು ಮಾರುವವರು ರಸ್ತೆ ಬದಿಯಲ್ಲೇ ಹಲಗೆ ಹಾಕಿಕೊಂಡಿದ್ದರು. ಬಂಗುಡೆ, ಬೂತಾಯಿ, ಕೇದರ. ಎಲ್ಲ ಗುರುತಿನ ಮುಖಗಳೇ. ಬೆಲೆ ಕೇಳಿ ತಮ್ಮ ಮಲ್ಪೆಗಿಂತ ಜಾಸ್ತಿ ಅಂದ.

ಇಷ್ಟು ದೊಡ್ಡ ಕೋಟೆ ಇರುವ ಊರಿನ ಬಂದರು ಇಷ್ಟು ಸಪ್ಪೆ ಯಾಕೆ ಅಂತ ನೋಡಿದವರಿಗೆ ಅನಿಸಿಯೇ ಅನಿಸುತ್ತದೆ. 19ನೇ ಶತಮಾನದ ನಡುವೆ ಇದು ಹೀಗಿರಲಿಲ್ಲ. ಯುರೋಪು, ಕಲ್ಕತ್ತ, ಚೀನಾ, ಆಸ್ಟ್ರೇಲಿಯಾದ ಹಬೆ ಹಡಗುಗಳು ಇಲ್ಲಿ ಕಲ್ಲಿದ್ದಲು ತುಂಬಿಕೊಳ್ಳುತ್ತಿದ್ದವು, ಟಪಾಲು ಬದಲಾಯಿಸಿಕೊಳ್ಳುತ್ತಿದ್ದವು. ಜಗತ್ತಿನ ಸುದ್ದಿ ಸಿಲೋನಿಗೆ ಮೊದಲು ಮುಟ್ಟುವುದು ಗಾಲೆಗೆ. ಅದನ್ನು ಬೇಗ ಕೊಲಂಬೊಕ್ಕೆ ತಲುಪಿಸಲು ಅಲ್ಲಿನ ಒಂದು ಇಂಗ್ಲಿಷ್ ಪತ್ರಿಕೆ 1850ರಲ್ಲಿ ಪಾರಿವಾಳ ಸಾಕಿತು. ಹಡಗು ಬಂದ ಕೂಡಲೇ ತೆಳು ಕಾಗದದಲ್ಲಿ ಸುದ್ದಿ ಬರೆದು ಪಾರಿವಾಳದ ಕಾಲಿಗೆ ಕಟ್ಟಿ ಬಿಡುವುದು. 1858ರಲ್ಲಿ ತಂತಿ ಬಂದ ಮೇಲೆ ಪಾರಿವಾಳಗಳ ಕೆಲಸ ಹೋಯಿತು.

ಬಂಡೆಗಳು ಮಾತ್ರ ಎಲ್ಲೂ ಹೋಗಲಿಲ್ಲ. 1871ರ ನವೆಂಬರ್‌ನಲ್ಲಿ ಆಸ್ಟ್ರೇಲಿಯಾದ ಟಪಾಲು ಹೊತ್ತು ಹೊರಟಿದ್ದ ರಂಗೂನ್ ಅನ್ನುವ ಹಬೆ ಹಡಗು ಬಂದರಿನ ಬಾಯಲ್ಲೇ ಕದಿರ್ ಬಂಡೆಗೆ ಬಡಿದು ಮುಳುಗಿತು. ಹಡಗುಗಳು ದೊಡ್ಡದಾಗುತ್ತಿದ್ದವು. ಸೂಯೆಜ್ ಕಾಲುವೆ ತೆರೆದು ಎರಡು ವರ್ಷ ಆಗಿತ್ತು, ದಟ್ಟಣೆ ಏರುತ್ತಿತ್ತು. ಕೊಲಂಬೊದಲ್ಲಿ ಅಲೆತಡೆ ಗೋಡೆ ಕಟ್ಟುವ ಮಾತಿಗೆ ಬಲ ಬಂತು. 1875ರಲ್ಲಿ ಶಂಕುಸ್ಥಾಪನೆ, 1885ಕ್ಕೆ ಗೋಡೆ ಮುಗಿಯಿತು, ಗಾಲೆ ಖಾಲಿಯಾಯಿತು. ವ್ಯಾಪಾರ ಹೋದ ಊರಿನಲ್ಲಿ ಹಳೇ ಮನೆ ಒಡೆದು ಹೊಸದು ಕಟ್ಟಲು ಯಾರಿಗೂ ದುಡ್ಡಿರಲಿಲ್ಲ. ಕೋಟೆಯೊಳಗಿನ ಡಚ್ ಮನೆಗಳು, ಜಗಲಿಗಳು ಹಾಗೇ ನಿಂತವು. 1988ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿದವು. ಅದಕ್ಕೂ ಕೆಟ್ಟ ಬಂದರೇ ಕಾರಣ.

ಮಧ್ಯಾಹ್ನ ಮಾತರದ ಬಸ್ಸು ಹಿಡಿದು, ಅಲ್ಲಿಂದ ಮುಂದೆ ದೆವುಂದರಕ್ಕೆ ಹೋದೆವು. ದ್ವೀಪದ ದಕ್ಷಿಣದ ತುದಿ. ಡ್ರೈವರು ಸಂಗೀತಕ್ಕೆ ತಕ್ಕ ಹಾಗೆ ಓವರ್‌ಟೇಕ್ ಮಾಡುತ್ತಿದ್ದ. ಸಂಗೀತ ಬಹಳ ವೇಗದ್ದು.

ದೆವುಂದರದಲ್ಲಿ ಜನ ಹೋಗುವುದು 49 ಮೀಟರ್ ಎತ್ತರದ ದೀಪಸ್ತಂಭಕ್ಕೆ. ನಾನು ಹೋದದ್ದು ವಿಷ್ಣು ದೇವಾಲಯಕ್ಕೆ. 1344ರ ಸುಮಾರಿಗೆ ಇಬ್ನ್ ಬತೂತ ಇಲ್ಲಿಗೆ ಬಂದಿದ್ದ. ನಮ್ಮ ಹೊನ್ನಾವರ, ಬಾರ್ಕೂರು, ಮಂಗಳೂರನ್ನೆಲ್ಲ ನೋಡಿ ಬಂದ ಮನುಷ್ಯ. ಇಲ್ಲಿ ಬಂಗಾರದ ವಿಗ್ರಹ, ಸಾವಿರ ಬ್ರಾಹ್ಮಣರು ಮತ್ತು ಜೋಗಿಗಳು, ಹಾಡಿ ಕುಣಿಯುವ ಐನೂರು ಹೆಣ್ಣುಮಕ್ಕಳು ಇದ್ದಾರೆ ಅಂತ ಬರೆದ. ಇಲ್ಲಿಂದ ಮುಂದೆ ಗಾಲೆಗೆ ಹೋದ. ಅದು ಅವನಿಗೆ ಸಣ್ಣ ಊರು. 1588ರಲ್ಲಿ ಪೋರ್ಚುಗೀಸರು ಈ ದೇವಾಲಯವನ್ನು ಸುಟ್ಟು ಕೆಡವಿದರು. ಗಾಲೆಯಲ್ಲಿ ಅವರು ಕೋಟೆಗೆ ಕೈ ಹಾಕಿದ ವರ್ಷವೂ ಅದೇ.

ಈಗಿನದು ಹೊಸ ಕಟ್ಟಡ, ನೀಲಿ ಬಣ್ಣ, ಪಕ್ಕದಲ್ಲಿ ಬೌದ್ಧ ವಿಹಾರ. ಬಿಳಿ ಬಟ್ಟೆಯ ಹೆಂಗಸರು ತಟ್ಟೆಯಲ್ಲಿ ಹಣ್ಣು ಜೋಡಿಸಿಕೊಂಡು ಸಾಲಲ್ಲಿ ನಿಂತಿದ್ದರು. ಅನಾನಸ್, ಬಾಳೆ, ಸೇಬು, ಮೇಲೆ ವೀಳ್ಯದೆಲೆ. ಬೌದ್ಧರು ವಿಷ್ಣುವಿಗೆ ಕೈ ಮುಗಿಯುವುದು ಇಲ್ಲಿ ಯಾರಿಗೂ ವಿಚಿತ್ರವಲ್ಲ. ಹಳೇ ದೇವಾಲಯದ ಕಂಬಗಳು ಅಲ್ಲಲ್ಲಿ ನಿಂತಿವೆ, ಕೆಲವಕ್ಕೆ ಬಟ್ಟೆ ಒಣಗಿಸುವ ಹಗ್ಗ ಕಟ್ಟಿದ್ದರು.

ಭಾನುವಾರ

ಕೊಲಂಬೊಗೆ ವಾಪಸ್. ವಿಮಾನ ರಾತ್ರಿಗೆ. ತಮ್ಮನಿಗೆ ಶಾಪಿಂಗ್, ನನಗೆ ನ್ಯಾಷನಲ್ ಮ್ಯೂಸಿಯಂ. ಜಗಳ ಆಡಿ ಎರಡಕ್ಕೂ ಅರ್ಧರ್ಧ ಹೊತ್ತು ಅಂತ ಆಯಿತು.

ನಾನು ನೋಡಬೇಕಿದ್ದದ್ದು ಒಂದೇ ಕಲ್ಲು. ಚೀನಾದ ಝೆಂಗ್ ಹೆ ತನ್ನ ದೊಡ್ಡ ನೌಕಾಪಡೆಯೊಂದಿಗೆ ತಂದು ಗಾಲೆಯಲ್ಲಿ ನಿಲ್ಲಿಸಿದ ಶಾಸನ. ಕೆತ್ತಿದ್ದು ನಾನ್‌ಜಿಂಗ್‌ನಲ್ಲಿ, ಅದರ ಮೇಲಿನ ತಾರೀಖು 1409ರದ್ದು. ಮೇಲ್ತುದಿ ಗುಂಡಗೆ, ಎರಡು ಡ್ರ್ಯಾಗನ್. ಕೆಳಗೆ ಮೂರು ಭಾಷೆ: ಚೀನೀ, ತಮಿಳು, ಪರ್ಷಿಯನ್. ಚೀನೀಯಲ್ಲಿ ಬುದ್ಧನಿಗೆ ಕಾಣಿಕೆ. ತಮಿಳಿನಲ್ಲಿ ತೆನವರೈ ನಾಯನಾರ್‌ಗೆ, ಅಂದರೆ ನಾವು ನಿನ್ನೆ ನೋಡಿದ ದೆವುಂದರದ ವಿಷ್ಣುವಿಗೆ. ಪರ್ಷಿಯನ್‌ನಲ್ಲಿ ಮುಸ್ಲಿಮರ ಪುಣ್ಯಸ್ಥಳಕ್ಕೆ. ಒಬ್ಬೊಬ್ಬರಿಗೂ ಹೆಚ್ಚುಕಡಿಮೆ ಒಂದೇ ಪಟ್ಟಿ: ಸಾವಿರ ಬಂಗಾರ, ಐದು ಸಾವಿರ ಬೆಳ್ಳಿ, ನೂರು ರೇಷ್ಮೆ ಥಾನು, ಸುಗಂಧ ಎಣ್ಣೆ. ಯಾರಿಗೂ ಬೇಜಾರಾಗಬಾರದು ಅನ್ನುವ ರಾಜಕೀಯ. ವ್ಯಾಪಾರಕ್ಕೆ ಬಂದವನು ಬಂದರಿನ ಎಲ್ಲ ದೇವರನ್ನೂ ಒಲಿಸಿಕೊಳ್ಳಬೇಕಾಗುತ್ತದೆ. ಭಕ್ತಿಯಷ್ಟೇ ಅಲ್ಲ ಅದು ಅನ್ನುವುದಕ್ಕೆ ಪುರಾವೆಯೂ ಇದೆ. ಆಮೇಲೆ ಇದೇ ಝೆಂಗ್ ಹೆ ಇಲ್ಲಿನ ಅರಸನೊಬ್ಬನನ್ನು ಸೆರೆ ಹಿಡಿದು ಚೀನಾಕ್ಕೆ ಒಯ್ದ.

1911ರಲ್ಲಿ ಗಾಲೆಯ ಕ್ರಿಪ್ಸ್ ರಸ್ತೆಯಲ್ಲಿ ಒಬ್ಬ ಎಂಜಿನಿಯರ್‌ಗೆ ಈ ಕಲ್ಲು ಸಿಕ್ಕಿತು. ಚರಂಡಿಯ ಮೇಲೆ ಮುಚ್ಚಳವಾಗಿ, ಬೋರಲಾಗಿ ಬಿದ್ದಿತ್ತು. ಪರ್ಷಿಯನ್ ಭಾಗ ಜಾಸ್ತಿ ಸವೆದಿದೆ. ಕಣ್ಣು ಕಿರಿದು ಮಾಡಿ ನೋಡಿದರೆ ತಮಿಳು ಸಾಲುಗಳು ಸ್ವಲ್ಪ ಕಾಣುತ್ತವೆ. ನಾನು ಒಂದೆರಡು ಅಕ್ಷರ ಗುರುತಿಸಿ ಖುಷಿಪಟ್ಟೆ. ಹಿಂದೆ ನಿಂತಿದ್ದ ಚೀನೀ ಪ್ರವಾಸಿಗಳ ಗುಂಪಿಗೆ ನಾನು ಜಾಗ ಬಿಡದ್ದಕ್ಕೆ ಖುಷಿ ಆಗಲಿಲ್ಲ.

ಏರ್‌ಪೋರ್ಟ್ ದಾರಿಯಲ್ಲಿ ತಮ್ಮನಿಗೆ ಹೇಳಿದೆ, ಆ ಕಲ್ಲು ಇರಬೇಕಾದದ್ದು ಗಾಲೆಯ ಗೋದಾಮಿನಲ್ಲಿ, ಹೂಜಿ ಮತ್ತು ಶೂಗಳ ಪಕ್ಕದಲ್ಲಿ. ಊರಿನ ಕಲ್ಲು ಊರಿಗೆ ಬರಲಿ. ಅವನು ಒಪ್ಪಲಿಲ್ಲ. ‘ಅಲ್ಲಿದ್ದಿದ್ದರೆ ಸುನಾಮಿಗೆ ಸಿಗುತ್ತಿತ್ತು’ ಅಂದ.

‘ಕಲ್ಲು ಮಾರಾಯ, ತೇಲಿಕೊಂಡು ಹೋಗುತ್ತದಾ?’

‘ರೈಲು ಹೋಗಲಿಲ್ವಾ?’

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಆದರೂ ಸೆಕ್ಯೂರಿಟಿ ಚೆಕ್ ಮುಗಿಯುವ ತನಕ ವಾದ ಮಾಡಿದೆ.